ವೇಗ ಸಾಲದ ಎಡಗೈ ಹುಡುಗನಿಗೆ ವಾರೆನ್ ಸ್ಪಾನ್‌ರನ್ನು ತೋರಿಸಿ

ನಮಸ್ಕಾರ ಮೇಡಂ. ಮಗನಿಗೆ 12 ವರ್ಷ, ಬೇಸ್‌ಬಾಲ್‌ನಲ್ಲಿ ಎಡಗೈ ಪಿಚರ್ (ಚೆಂಡು ಎಸೆಯುವವನು), ವೇಗ ಸಾಲದು ಅಂತ ಕೋಚ್ ಹೇಳಿದ್ದಾರೆ, ಈಗಲೇ ಕರ್ವ್ ಬಾಲ್ (ಬಾಗಿ ಬರುವ ಎಸೆತ) ಕಲಿಸಬಹುದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮೆರಿಕದ ಹಳೆಯ ಕಾಲದ ಎಡಗೈ ಪಿಚರ್ ವಾರೆನ್ ಸ್ಪಾನ್ ಅವರ ಹಳೆಯ ವಿಡಿಯೋ ನೋಡಿ.

ಅಲ್ಲಿನ ಬೇಸ್‌ಬಾಲ್‌ನ ಅತಿ ಮೇಲಿನ ಮಟ್ಟವಾದ ಮೇಜರ್ ಲೀಗಿನಲ್ಲಿ ಸ್ಪಾನ್ ಗೆದ್ದದ್ದು 363 ಪಂದ್ಯ. ಎಡಗೈ ಪಿಚರ್‌ಗಳಲ್ಲಿ ಇವತ್ತಿಗೂ ಅಷ್ಟು ಗೆದ್ದವರಿಲ್ಲ. ಅದರಲ್ಲಿ ಮೊದಲನೆಯದು ಸಿಕ್ಕಿದ್ದು 25ನೇ ವಯಸ್ಸಿನಲ್ಲಿ! 1942ರಲ್ಲಿ ಬೋಸ್ಟನ್ ಬ್ರೇವ್ಸ್ ಪರ ನಾಲ್ಕು ಪಂದ್ಯ ಆಡಿದರು, ಆಮೇಲೆ ಸೈನ್ಯಕ್ಕೆ ಹೋದರು. ಜರ್ಮನಿಯ ರೆಮಾಗೆನ್ ಸೇತುವೆಯ ಹತ್ತಿರ ಗಾಯಗೊಂಡು, ಯುದ್ಧ ಮುಗಿಸಿ 1946ರಲ್ಲಿ ವಾಪಸ್ ಬಂದರು. 12ಕ್ಕೇ ತಡವಾಯಿತು ಅಂತ ಯಾರಾದರೂ ಹೆದರಿಸಿದರೆ ಇದನ್ನು ನೆನಪಿಸಿಕೊಳ್ಳಿ.

ಶುರುವಿನಲ್ಲಿ ಅವರಿಗೂ ಒಳ್ಳೆ ವೇಗ ಇತ್ತು. 1949ರಿಂದ 1952ರವರೆಗೆ ನಾಲ್ಕೂ ವರ್ಷ ನ್ಯಾಷನಲ್ ಲೀಗಿನ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದು) ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಲೆಕ್ಕದಲ್ಲಿ ಅವರೇ ಮುಂದೆ. ವಯಸ್ಸಾದಂತೆ ವೇಗ ಇಳಿಯಿತು. ಆಗ ಸ್ಕ್ರೂಬಾಲ್, ಸ್ಲೈಡರ್ ಎಂಬ ತಿರುಗುವ ಎಸೆತಗಳನ್ನು ಸೇರಿಸಿಕೊಂಡು, ಬ್ಯಾಟರ್‌ನ ಟೈಮಿಂಗ್ ಕೆಡಿಸುವುದನ್ನೇ ತಮ್ಮ ಕೆಲಸ ಮಾಡಿಕೊಂಡರು. ಎರಡು ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಸಿಗದ ಪಂದ್ಯ) ಬಂದದ್ದೂ ಆಮೇಲೆಯೇ: ಒಂದು 1960ರಲ್ಲಿ, ಇನ್ನೊಂದು 1961ರಲ್ಲಿ, 40 ತುಂಬಿ ಐದೇ ದಿನಕ್ಕೆ.

ವಿಡಿಯೋದಲ್ಲಿ ಕಾಲು ನೋಡಲು ಹೇಳಿ. ಎರಡೂ ಕೈ ತಲೆಯ ಮೇಲೆ ಹೋಗುತ್ತವೆ, ಮೈ ಹಿಂದಕ್ಕೆ ವಾಲುತ್ತದೆ, ಬಲಗಾಲು ಮೇಲಕ್ಕೆ ಏರುತ್ತಲೇ ಹೋಗುತ್ತದೆ. ಬ್ಯಾಟರ್‌ಗೆ ಎದುರಿಗೆ ಕಾಣುವುದು ಶೂ ಮತ್ತು ಗ್ಲೌಸ್ ಅಷ್ಟೇ. ಚೆಂಡು ಹಿಂದೆ ಅಡಗಿರುತ್ತದೆ, ಕೊನೇ ಗಳಿಗೆಯಲ್ಲಿ ತಲೆಯ ಮೇಲಿಂದ ಬರುತ್ತದೆ. ಫಾಸ್ಟ್‌ಬಾಲ್ ಇರಲಿ, ನಿಧಾನದ್ದಿರಲಿ, ಈ ಚಲನೆಯಲ್ಲಿ ಬದಲಾವಣೆ ಇಲ್ಲ. ನಿಮ್ಮ ಮಗ ಕಲಿಯಬೇಕಾದ್ದು ಇದೇ. ಅಷ್ಟೆತ್ತರ ಕಾಲು ಎತ್ತಬೇಕಿಲ್ಲ, ಎತ್ತಿದ ಕಾಲಲ್ಲಿ ಅಲ್ಲಾಡದೆ ನಿಲ್ಲಲು ಬಂದರೆ ಸಾಕು.

ಕರ್ವ್ ಬದಲು ಚೇಂಜ್‌ಅಪ್ ಹೇಳಿಕೊಡಿ. ನಮ್ಮ ಕ್ರಿಕೆಟ್ಟಿನ ಸ್ಲೋ ಬಾಲ್ ಇದ್ದಂಗೆ. ಚೆಂಡನ್ನು ಅಂಗೈಯೊಳಗೆ ಸ್ವಲ್ಪ ಆಳಕ್ಕೆ ಹಿಡಿದು, ಮೂರು ಬೆರಳು ಮೇಲಿಟ್ಟು, ಫಾಸ್ಟ್‌ಬಾಲ್‌ನಷ್ಟೇ ಜೋರಾಗಿ ಕೈ ಬೀಸಬೇಕು. ಹುಡುಗರು ಕೈಯನ್ನೇ ನಿಧಾನ ಮಾಡಿಬಿಡುತ್ತಾರೆ, ಬ್ಯಾಟರ್‌ಗೆ ತಕ್ಷಣ ಗೊತ್ತಾಗುತ್ತದೆ. ಜೊತೆಗೆ, ಬ್ಯಾಟರ್ ಪಕ್ಕ ನೆಲದಲ್ಲಿರುವ ಪ್ಲೇಟ್ ಅಗಲ 17 ಇಂಚು ಅಲ್ವಾ? ಸ್ಪಾನ್ ಬದುಕಿದ್ದೇ ಅದರ ಎರಡು ಅಂಚಿನಲ್ಲಿ. ಮನೆ ಹಿಂದೆ ಗೋಡೆ ಇದ್ದರೆ 17 ಇಂಚು ಅಳೆದು ಎರಡೂ ಅಂಚಿಗೆ ಟೇಪ್ ಅಂಟಿಸಿ. ನಡುವಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ ಅನ್ನಿ.

ಒಂದು ವಿಷಯದಲ್ಲಿ ಮಾತ್ರ ಅವರನ್ನು ಅನುಸರಿಸಬೇಡಿ. 1963ರ ಜುಲೈ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 42 ವರ್ಷದ ಸ್ಪಾನ್ ಮತ್ತು ಎದುರಾಳಿ ತಂಡದ ಪಿಚರ್, 25ರ ಹುವಾನ್ ಮಾರಿಚಲ್ ಇಬ್ಬರೂ 16ನೇ ಇನ್ನಿಂಗ್ಸ್‌ವರೆಗೆ (ಪಂದ್ಯ ಮಾಮೂಲಿಯಾಗಿ ಒಂಬತ್ತಕ್ಕೇ ಮುಗಿಯುತ್ತದೆ) ತಾವೇ ಎಸೆದರು. ಸ್ಕೋರ್ 0-0. ಕೊನೆಗೆ ಎದುರಾಳಿ ತಂಡದ ಬ್ಯಾಟರ್ ವಿಲ್ಲಿ ಮೇಸ್ ಒಂದು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂಗೆ) ಹೊಡೆದರು, ಮುಗೀತು. 1951ರಲ್ಲಿ ಮೇಸ್ ಮೇಜರ್ ಲೀಗಿನಲ್ಲಿ ಹೊಡೆದ ಮೊದಲ ಹಿಟ್ ಕೂಡ ಸ್ಪಾನ್ ಎಸೆತಕ್ಕೇ ಹೋಮ್ ರನ್ ಆಗಿತ್ತು. 1963ರ ಆ ರಾತ್ರಿ ನೆನೆದರೆ ನನಗೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಅಷ್ಟೆಲ್ಲ ಆಗಿಯೂ ಆ ವರ್ಷ ಅವರು 23 ಪಂದ್ಯ ಗೆದ್ದರು.

ಅಂಥ ಕೈ ಎಲ್ಲರಿಗೂ ಇರುವುದಿಲ್ಲ. ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನ ನಿಯಮದಲ್ಲಿ 11-12 ವಯಸ್ಸಿಗೆ ದಿನಕ್ಕೆ 85 ಎಸೆತ ಮಿತಿ. 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ನನ್ನ ಮಗ ಒಂದೇ ವಾರಾಂತ್ಯ ಎರಡು ತಂಡಕ್ಕೆ ಎಸೆದ. ಎರಡೂ ಕೋಚ್‌ಗಳು ತಮ್ಮ ತಮ್ಮ ಲೆಕ್ಕ ಸರಿಯಾಗಿಯೇ ಇಟ್ಟಿದ್ದರು, ಎರಡನ್ನೂ ಕೂಡಿಸಿ ನೋಡಿದವರು ಯಾರೂ ಇಲ್ಲ, ನಾನೂ ಇಲ್ಲ. ಸೋಮವಾರ ಬೆಳಿಗ್ಗೆ ಹಲ್ಲುಜ್ಜಲು ಮೊಣಕೈ ಮಡಿಸಲಾಗದೆ ಅತ್ತುಬಿಟ್ಟ. ಮೂರು ತಿಂಗಳು ಚೆಂಡು ಮುಟ್ಟಲಿಲ್ಲ. ಆಮೇಲಿಂದ ನನ್ನ ಜೇಬಿನಲ್ಲಿ ಸಣ್ಣ ಪುಸ್ತಕ ಇರುತ್ತದೆ, ಪ್ರತಿ ಎಸೆತಕ್ಕೂ ಒಂದು ಗೆರೆ. ನೀವೂ ಒಂದು ಇಟ್ಟುಕೊಳ್ಳಿ.

ಸಾಧ್ಯವಾದರೆ ಅವನು ಎಸೆಯುವುದನ್ನು ಪಕ್ಕದಿಂದ ವಿಡಿಯೋ ಮಾಡಿ ಇಲ್ಲಿ ಹಾಕಿ. ಮುಖ ಕಾಣದಿದ್ದರೂ ಪರವಾಗಿಲ್ಲ, ಕಾಲು ಮತ್ತು ಮೊಣಕೈ ಕಾಣಬೇಕು.