ಟಿಡಿಎಸ್ ಮೀಟರ್ 120 ತೋರಿಸಿದರೆ ನಲ್ಲಿ ನೀರನ್ನು ಹಾಗೇ ಕುಡಿಯಬಹುದಾ?

ಆ ಸಂಖ್ಯೆಯೊಂದರಿಂದಲೇ ಹೇಳಲಾಗದು. ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಕರಗಿರಬಹುದು (ಇದೇ ಟಿಡಿಎಸ್) ಎಂದು ಲೆಕ್ಕ ಹಾಕುತ್ತದೆ, ಅಷ್ಟೇ. ಬ್ಯಾಕ್ಟೀರಿಯಾ ಅದಕ್ಕೆ ಕಾಣಿಸುವುದಿಲ್ಲ. ಚರಂಡಿ ನೀರು ಸ್ವಲ್ಪ ಸೋರಿ ಸೇರಿದರೂ 120 ಇದ್ದದ್ದು 125 ಆದೀತು. ಯಾವ ಲವಣ ಎಂಬುದನ್ನೂ ಅದು ಹೇಳದು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆಗೆ ಕೇಡು. 300 ತೋರಿಸುವ ಮೀಟರಿನಲ್ಲಿ ಆ ಒಂದೂವರೆ ಮಿಲಿಗ್ರಾಂ ಎಲ್ಲಿ ಗೊತ್ತಾಗಬೇಕು?

ಕೊಳಾಯಿ ನೀರಿಗೆ ಕ್ಲೋರಿನ್ ಹಾಕಿದ್ದರೂ ಸಂಪು, ಟ್ಯಾಂಕಿನಲ್ಲಿ ನಿಂತಾಗ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ಅಡುಗೆಮನೆಯ ನಲ್ಲಿಯಲ್ಲೇ ಕ್ಲೋರಿನ್ ಕಿಟ್‌ನಿಂದ ನೋಡಿ: ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಅಷ್ಟು ಇಲ್ಲವೆಂದರೆ ಬ್ಯಾಕ್ಟೀರಿಯಾ ಪತ್ತೆಹಚ್ಚುವ ಎಚ್‌ಟುಎಸ್ ಪರೀಕ್ಷೆಯ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ 24ರಿಂದ 48 ಗಂಟೆ ಬೆಚ್ಚಗಿಡಿ. ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಸೇರಿರುವ ಸಾಧ್ಯತೆ ಹೆಚ್ಚು. ಅಂಥ ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿಯೇ ಕುಡಿಯಿರಿ, ಸಂಪನ್ನೂ ತೊಳೆಸಿ.

ಬೋರ್‌ವೆಲ್ ನೀರಾದರೆ ಫ್ಲೋರೈಡ್, ನೈಟ್ರೇಟ್ ಎರಡನ್ನೂ ಲ್ಯಾಬಿನಲ್ಲಿ ನೋಡಿಸಬೇಕು. ಇವು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇನ್ನಷ್ಟು ಗಾಢವಾಗುತ್ತವೆ.