ಹಿನ್ನೆಲೆ ಮಾತ್ರ ತೆಳುವಾಗಲಿ, ಅಕ್ಷರಗಳು ಸ್ಪಷ್ಟವಾಗಿರಲಿ

ವಿಂಡೋಸ್ ಪ್ರೋಗ್ರಾಂಗಳ ವಿಂಡೋಗಳನ್ನು ರೂಪಿಸುವ ಮೈಕ್ರೋಸಾಫ್ಟ್‌ನ ವಿನ್‌ಫಾರ್ಮ್ಸ್‌ನಲ್ಲಿ ಫಾರ್ಮ್‌ನ (ಅಂದರೆ ವಿಂಡೋದ) ಒಪಾಸಿಟಿಯನ್ನು, ಎಂದರೆ ಅಪಾರದರ್ಶಕತೆಯನ್ನು, 0.5 ಎಂದು ಇಟ್ಟರೆ ಬಟನ್, ಅಕ್ಷರಗಳೂ ಮಸುಕಾಗುತ್ತವೆ, ಹಿನ್ನೆಲೆಯೊಂದನ್ನೇ ಅರೆಪಾರದರ್ಶಕವಾಗಿಸುವುದು ಹೇಗೆ ಎಂದು ಕೇಳಿದ್ದೀರಿ. ಒಪಾಸಿಟಿಯಿಂದ ಇದು ಆಗದು. ವಿಂಡೋಸ್ 2000ರಲ್ಲಿ ಬಂದ ಲೇಯರ್ಡ್ ವಿಂಡೋ (ಹಿಂದಿರುವುದರೊಂದಿಗೆ ಬೆರೆಸಿ ತೋರಿಸುವ ವಿಂಡೋ) ವ್ಯವಸ್ಥೆಯನ್ನೇ ಅದು ಬಳಸುತ್ತದೆ. ವಿಂಡೋದ ಚಿತ್ರ ಪೂರ್ತಿ ಸಿದ್ಧವಾದ ಮೇಲೆ ಎಲ್ಲ ಪಿಕ್ಸೆಲ್‌ಗಳಿಗೂ ಒಂದೇ ಆಲ್ಫಾ (ಎಷ್ಟು ಗಾಢವಾಗಿ ಕಾಣಬೇಕೆಂಬ ಅಳತೆ) ಅನ್ವಯಿಸುವುದರಿಂದ, ಯಾವುದು ಹಿನ್ನೆಲೆ, ಯಾವುದು ಅಕ್ಷರ ಎಂಬ ಭೇದ ಆ ಹಂತದಲ್ಲಿ ಉಳಿದಿರುವುದೇ ಇಲ್ಲ.

ಕೆಲಸ ಇನ್ನೂ ಆರಂಭದಲ್ಲಿದ್ದರೆ ಮೈಕ್ರೋಸಾಫ್ಟ್‌ನದೇ ಇನ್ನೊಂದು ವಿಂಡೋ ರಚನಾ ವ್ಯವಸ್ಥೆಯಾದ ಡಬ್ಲ್ಯೂಪಿಎಫ್‌ಗೆ ಹೋಗಿ ಎಂಬುದೇ ನನ್ನ ಸಲಹೆ. ಅಲ್ಲಿ ವಿಂಡೋಸ್ಟೈಲ್‌ಗೆ ನನ್ (None), ಅಲೋಸ್‌ಟ್ರಾನ್ಸ್‌ಪರೆನ್ಸಿಗೆ ಟ್ರೂ ಎಂದು ಕೊಟ್ಟು, ಹಿನ್ನೆಲೆಗೆ #80000000 ಬಣ್ಣ ಹಾಕಿದರೆ ಸಾಕು. ಮೊದಲ 80 ಎಂಬುದು ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯಾ ಪದ್ಧತಿಯಲ್ಲಿ) ಬರೆದ ಆಲ್ಫಾ, ಅಂದರೆ 255ರಲ್ಲಿ 128. ಅದನ್ನು 00 ಮಾಡಿದರೆ ಆ ಜಾಗದಲ್ಲಿ ಒತ್ತಿದ ಕ್ಲಿಕ್ ಕೆಳಗಿನ ವಿಂಡೋಗೆ ಹೋಗುತ್ತದೆ. ಕಣ್ಣಿಗೆ ಕಾಣಬಾರದು, ಕ್ಲಿಕ್ ಮಾತ್ರ ಸಿಗಬೇಕು ಎಂದಾದರೆ 01 ಇಡಿ.

ವಿನ್‌ಫಾರ್ಮ್ಸ್ ಬಿಡುವಂತಿಲ್ಲ ಎಂದಾದರೆ ಅಂಚಿಲ್ಲದ ಎರಡು ಫಾರ್ಮ್‌ಗಳನ್ನು ಒಂದರ ಮೇಲೊಂದು ಇಡಬೇಕಾಗುತ್ತದೆ. ಹಿಂದಿನದು ಕಪ್ಪು ಬಣ್ಣದ್ದು, ಒಪಾಸಿಟಿ 0.5, ಮುಂದಿನದರಲ್ಲಿ ಬಟನ್, ಲೇಬಲ್‌ಗಳಿದ್ದು, ಅದರ ಬ್ಯಾಕ್‌ಕಲರ್ (ಹಿನ್ನೆಲೆ ಬಣ್ಣ) ಮತ್ತು ಟ್ರಾನ್ಸ್‌ಪರೆನ್ಸಿಕೀ (ಪೂರ್ತಿ ಮಾಯವಾಗಬೇಕಾದ ಬಣ್ಣ) ಎರಡಕ್ಕೂ ಒಂದೇ ಬಣ್ಣ. ಮುಂದಿನ ಫಾರ್ಮ್‌ನ ಓನರ್ ಆಗಿ ಹಿಂದಿನದನ್ನು ಕೊಟ್ಟರೆ ಅವುಗಳ ಕ್ರಮ ಕೆಡುವುದಿಲ್ಲ.

ಇಲ್ಲಿ ಹೆಚ್ಚಿನವರು ಎಡವುವುದು ಆ ಬಣ್ಣದ ಆಯ್ಕೆಯಲ್ಲಿ. ಎಲ್ಲೂ ಬಳಕೆಯಾಗದ ಬಣ್ಣವೆಂದು ಮೆಜೆಂಟಾ ಆರಿಸಿಕೊಂಡರೆ, ಅಕ್ಷರದ ಅಂಚನ್ನು ನಯಗೊಳಿಸುವಾಗ ಸಿಸ್ಟಮ್ ಅಕ್ಷರದ ಬಣ್ಣವನ್ನು ಮೆಜೆಂಟಾದೊಂದಿಗೆ ಬೆರೆಸುತ್ತದೆ. ಬೆರೆತ ಪಿಕ್ಸೆಲ್‌ಗಳು ಕೀ ಬಣ್ಣಕ್ಕೆ ಹೊಂದದ ಕಾರಣ ಮಾಯವಾಗದೆ ಉಳಿದು, ಪ್ರತಿ ಅಕ್ಷರದ ಸುತ್ತ ಗುಲಾಬಿ ಗೆರೆ ಕಾಣಿಸುತ್ತದೆ. ತುಂಬ ಬಾಗುಗಳಿರುವ ಕನ್ನಡ ಲಿಪಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ನಯಗೊಳಿಸುವಿಕೆಯನ್ನೇ ನಿಲ್ಲಿಸಬಹುದು, ಆದರೆ ಆಗ ಒತ್ತಕ್ಷರಗಳು ಹರಿದಂತಾಗಿ ಓದಲು ಕಷ್ಟ. ಅದರ ಬದಲು ಹಿಂದಿನ ಫಾರ್ಮ್‌ನ ಬಣ್ಣಕ್ಕೆ ತೀರ ಹತ್ತಿರದ, ಉದಾಹರಣೆಗೆ 1, 1, 1 ಎಂಬ ಬಹುತೇಕ ಕಪ್ಪು ಬಣ್ಣವನ್ನು ಕೀ ಮಾಡಿಕೊಳ್ಳಿ. ಅಂಚು ಹಿನ್ನೆಲೆಯಲ್ಲಿ ಬೆರೆತುಹೋಗುತ್ತದೆ.

ಅಪ್‌ಡೇಟ್‌ಲೇಯರ್ಡ್‌ವಿಂಡೋ ಎಂಬ ವಿಂಡೋಸ್ ಫಂಕ್ಷನ್ ಬಳಸುವ ಮೂರನೆಯ ದಾರಿಯೂ ಇದೆಯಾದರೂ, ಅದಕ್ಕೆ ಪೂರ್ತಿ ಚಿತ್ರವನ್ನು ನೀವೇ ಬರೆದು ಕೊಡಬೇಕು. ಫಾರ್ಮ್‌ನ ಮೇಲಿಟ್ಟ ಬಟನ್‌ಗಳು ತಾವಾಗಿ ಕಾಣಿಸಿಕೊಳ್ಳುವುದಿಲ್ಲ. ಬಟನ್‌ಗಳಿರುವ ನಿಮ್ಮ ಫಾರ್ಮ್‌ಗೆ ಅದು ತಕ್ಕದ್ದಲ್ಲ.