ವಾರಕ್ಕೊಮ್ಮೆ ಸಾಯುವ ವಿಲನ್ ನೆನಪಲ್ಲಿ ಉಳಿಯೋದು ಹೇಗೆ?

ನೀವು ಕೇಳಿರೋದು ಎರಡು ವಿಷಯ. ಆನ್‌ಲೈನ್ ರೋಲ್‌ಪ್ಲೇಯಿಂಗ್ ಗೇಮ್‌ಗಳಲ್ಲಿ ನೂರಾರು ದೊಡ್ಡ ಶತ್ರುಗಳು, ಅಂದರೆ ಬಾಸ್‌ಗಳು ಬಂದು ಹೋದರೂ ನಾಲ್ಕೈದು ವಿಲನ್‌ಗಳ ಹೆಸರು ಮಾತ್ರ ಯಾಕೆ ಎಲ್ಲರ ಬಾಯಲ್ಲಿದೆ ಅನ್ನೋದು ಒಂದು. ಗೆಳೆಯರ ಜೊತೆ ಚಾಟ್‌ನಲ್ಲಿ ಬರೆದು ಆಡುವ, ನೀವೇ ನಡೆಸುವ ಟೆಕ್ಸ್ಟ್ ರೋಲ್‌ಪ್ಲೇನಲ್ಲಿ ನಿಮ್ಮ ವಿಲನ್‌ಗೆ ಯಾರೂ ಕ್ಯಾರೇ ಅನ್ನುತ್ತಿಲ್ಲ, ಏನು ಮಾಡಲಿ ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಹೆಚ್ಚುಕಡಿಮೆ ಒಂದೇ. ಮೊದಲೇ ಹೇಳಿಬಿಡುತ್ತೇನೆ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಮತ್ತು ಫೈನಲ್ ಫ್ಯಾಂಟಸಿ 14ರ ಕತೆಯ ಗುಟ್ಟುಗಳು ಕೆಳಗೆ ಬಯಲಾಗುತ್ತವೆ. ಆಡುವ ಯೋಚನೆ ಇದ್ದರೆ ಇಲ್ಲೇ ನಿಲ್ಲಿಸಿ.

ಆನ್‌ಲೈನ್ ಗೇಮ್‌ನ ವಿಲನ್‌ಗೆ ಸಿನಿಮಾ, ಕಾದಂಬರಿಗಳ ವಿಲನ್‌ಗೆ ಇಲ್ಲದ ಒಂದು ಕಷ್ಟ ಇದೆ. ಅವನು ಒಂದೇ ಸಲ ಸತ್ತು ಮುಗಿಯುವ ಹಾಗಿಲ್ಲ. ಇವತ್ತು ಒಂದು ಗಿಲ್ಡ್ (ಆಟಗಾರರ ತಂಡ) ಕೊಂದರೆ ನಾಳೆ ಇನ್ನೊಂದು ಗಿಲ್ಡ್ ಕೊಲ್ಲಬೇಕು. ಕೊಂದ ಪ್ರತಿಯೊಬ್ಬರಿಗೂ ‘ಲೋಕ ಉಳಿಸಿದ್ದು ನೀನೇ’ ಅಂತ ಗೇಮ್ ಹೇಳಬೇಕು. ಮುಂದಿನ ವಾರ ಹೋದರೆ ಆಸಾಮಿ ಅದೇ ಕೋಣೆಯಲ್ಲಿ ಅದೇ ಡೈಲಾಗ್ ಹೊಡೆಯುತ್ತಾ ನಿಂತಿರುತ್ತಾನೆ. ಏಳೆಂಟನೇ ಸಲಕ್ಕೆ ನಮ್ಮ ಕಣ್ಣು ಅವನ ಮೇಲೂ ಇರಲ್ಲ. ಅವನ ಹತ್ತಿರ ಸಿಗುವ ಕತ್ತಿ ಯಾರ ಪಾಲಿಗೆ ಬೀಳುತ್ತೆ ಅನ್ನೋದೇ ಚಿಂತೆ. ಹಾಗಾಗಿ ಕೊನೆಯ ಹೊಡೆದಾಟ ಎಷ್ಟೇ ಭರ್ಜರಿಯಾಗಿರಲಿ, ಅದರಿಂದ ವಿಲನ್ ನೆನಪಲ್ಲಿ ಉಳಿಯೋದು ಕಡಿಮೆ. ಅದಕ್ಕೂ ಮೊದಲು ಅವನು ನಮ್ಮ ಮಧ್ಯೆ ಎಷ್ಟು ಓಡಾಡಿದ, ನಮ್ಮಿಂದ ಏನು ಕಿತ್ತುಕೊಂಡ ಅನ್ನೋದೇ ಮುಖ್ಯ ಅಂತ ನನ್ನ ಅಭಿಪ್ರಾಯ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಒನಿಕ್ಸಿಯಾಳನ್ನೇ ತಗೊಳ್ಳಿ. ಗೇಮ್ ಬಂದದ್ದು 2004ರ ನವೆಂಬರಿನಲ್ಲಿ. ಗೇಮ್‌ನ ಎರಡು ಬಣಗಳಲ್ಲಿ ಒಂದಾದ ಅಲಯನ್ಸ್ ಕಡೆಯವರ ರಾಜಧಾನಿ ಸ್ಟಾರ್ಮ್‌ವಿಂಡ್‌ನ ದರ್ಬಾರಿನಲ್ಲಿ ಆಗ ಪುಟ್ಟ ಹುಡುಗನೊಬ್ಬ ರಾಜ. ಹತ್ತಿರದಲ್ಲೇ ಅವನ ಪರವಾಗಿ ರಾಜ್ಯ ನೋಡಿಕೊಳ್ಳುವ ಬೋಲ್ವಾರ್, ಜೊತೆಗೆ ಲೇಡಿ ಕಟ್ರಾನಾ ಪ್ರೆಸ್ಟರ್ ಎಂಬ ಗತ್ತಿನ ಹೆಂಗಸು. ಹೊಸದಾಗಿ ಆಡಲು ಬಂದವರು ಕೋಟೆ ನೋಡೋಣ ಅಂತ ಒಳಗೆ ಹೋದರೆ ಅವಳು ಕಣ್ಣಿಗೆ ಬಿದ್ದೇ ಬೀಳುತ್ತಾಳೆ. ಯಾರೂ ತಲೆ ಕೆಡಿಸಿಕೊಳ್ಳಲ್ಲ. ದರ್ಬಾರು ಅಂದಮೇಲೆ ಇಂಥವರು ಇದ್ದೇ ಇರುತ್ತಾರೆ, ಅಲ್ವಾ?

ಆಟದ ಕೊನೆಯ ಲೆವೆಲ್‌ಗಳ ಹೊತ್ತಿಗೆ, ಬ್ಲ್ಯಾಕ್‌ರಾಕ್ ಬೆಟ್ಟದ ಸೆರೆಮನೆಯಿಂದ ಮಾರ್ಷಲ್ ವಿಂಡ್ಸರ್ ಎಂಬುವನನ್ನು ಬಿಡಿಸಿ ತರುವ ಕ್ವೆಸ್ಟ್ (ಗೇಮ್ ಕೊಡುವ ಕೆಲಸ) ಸಿಗುತ್ತಿತ್ತು. ಆಮೇಲೆ ಅವನು ಸ್ಟಾರ್ಮ್‌ವಿಂಡ್‌ನ ಬಾಗಿಲಿಗೆ ಬರುತ್ತಾನೆ. ಅಲ್ಲಿನ ಸೇನಾಧಿಕಾರಿ ಅಡ್ಡಗಟ್ಟುತ್ತಾನೆ, ಎರಡು ಮಾತಾಗುತ್ತದೆ, ಕೊನೆಗೆ ದಾರಿ ಬಿಟ್ಟು ಸೆಲ್ಯೂಟ್ ಹೊಡೆಯುತ್ತಾನೆ. ವಿಂಡ್ಸರ್ ಊರೊಳಗೆ ನಡೆದುಕೊಂಡೇ ಹೋಗುತ್ತಾನೆ. ಬೀದಿಯುದ್ದಕ್ಕೂ ಕಾವಲಿನವರು ಅವನಿಗೆ ಗೌರವ ತೋರಿಸುತ್ತಾರೆ. ಇದೆಲ್ಲ ಎಲ್ಲರೂ ಇರುವ ಊರಿನಲ್ಲೇ ನಡೆಯುವುದರಿಂದ ವಸ್ತು ಹರಾಜು ಹಾಕುವ ಆಕ್ಷನ್ ಹೌಸ್‌ಗೆ ಅಂತ ಬಂದವರೂ ಏನಾಗ್ತಿದೆ ಅಂತ ಹಿಂದೆ ಬೀಳಬಹುದು. ದರ್ಬಾರಿನಲ್ಲಿ ವಿಂಡ್ಸರ್ ತಾನು ತಂದ ಫಲಕಗಳನ್ನು ಓದುತ್ತಾನೆ. ಕಟ್ರಾನಾಳ ವೇಷ ಕಳಚಿ ಒನಿಕ್ಸಿಯಾ ಎಂಬ ಕರೀ ಡ್ರ್ಯಾಗನ್ ಎದುರಿಗೆ ನಿಲ್ಲುತ್ತದೆ. ದಿನವೂ ನೋಡುತ್ತಿದ್ದ ಕಾವಲುಗಾರರು ಅವಳ ಕಡೆಯ ಡ್ರ್ಯಾಗನ್ ಸಂತಾನವಾಗಿ ಮಾರ್ಪಡುತ್ತಾರೆ. ವಿಂಡ್ಸರ್‌ನನ್ನು ಕೊಂದು ಅವಳು ಮಾಯವಾಗುತ್ತಾಳೆ.

ಇಷ್ಟಾದ ಮೇಲೆ 40 ಜನ ಸೇರಿ ಅವಳ ಗುಹೆಗೆ ಹೋಗಿ ಹೊಡೆಯೋದು. ಆ ಫೈಟ್ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಅವಳ ಮೇಲೆ ನಮಗೆ ಸಿಟ್ಟು ಬಂದದ್ದು ಗುಹೆಯಲ್ಲಿ ಅಲ್ಲ, ನಮ್ಮದೇ ಊರಿನಲ್ಲಿ. ಕೊಂದ ಮೇಲೆ ತಲೆ ತಂದು ಊರಲ್ಲಿ ನೇತುಹಾಕಿದರೆ ಸುತ್ತಮುತ್ತ ಇದ್ದವರಿಗೆಲ್ಲ ಸ್ವಲ್ಪ ಹೊತ್ತು ಹೆಚ್ಚಿನ ಬಲ ಸಿಗುತ್ತಿತ್ತು. ರೇಡ್ (ಇಂಥ ದೊಡ್ಡ ಗುಂಪಿನ ದಾಳಿ) ಮುಖವನ್ನೇ ನೋಡದ ಆಟಗಾರನಿಗೂ ಅವಳ ಹೆಸರು ಗೊತ್ತಾಗೋದು ಹೀಗೆ.

ಫೈನಲ್ ಫ್ಯಾಂಟಸಿ 14ರ ವಿಲನ್ ಎಮೆಟ್ ಸೆಲ್ಕ್‌ನದು ಬೇರೆಯೇ ದಾರಿ. 2019ರ ಜುಲೈನಲ್ಲಿ ಗೇಮ್‌ಗೆ ಹೊಸ ಭಾಗವಾಗಿ ಬಂದ ಶ್ಯಾಡೋಬ್ರಿಂಗರ್ಸ್ ಎಕ್ಸ್‌ಪ್ಯಾನ್ಶನ್‌ನಲ್ಲಿ ಅವನು ನಮ್ಮನ್ನು ಹುಡುಕಿಕೊಂಡು ಬರುವುದೇ ಮಾತಾಡೋಕೆ. ಹೊಡೆದಾಟ ಬೇಡ, ನಿಮ್ಮ ಜೊತೆ ಸ್ವಲ್ಪ ದಿನ ಇರ್ತೀನಿ, ನಿಮ್ಮ ಯೋಗ್ಯತೆ ನೋಡ್ತೀನಿ ಅನ್ನುತ್ತಾನೆ. ಬೆನ್ನು ಬಗ್ಗಿಸಿ ಸೋಮಾರಿ ಥರ ನಡೆಯುತ್ತಾನೆ, ಕುಹಕ ಆಡುತ್ತಾನೆ, ಆದರೆ ಕೇಳಿದ್ದಕ್ಕೆ ಬಹಳಷ್ಟು ಸಲ ನಿಜವನ್ನೇ ಹೇಳುತ್ತಾನೆ. ಒಂದು ಕಡೆ ನಮ್ಮ ಗೆಳತಿ ಯಷ್ಟೋಲಾ ಸತ್ತೇಹೋದಳು ಅಂದುಕೊಂಡಾಗ ವಾಪಸ್ ಎಳೆದು ತರುವುದೂ ಇವನೇ. ಮುಂದೆ ನಮಗೆ ಆಸರೆಯಾಗಿದ್ದವನ ಬೆನ್ನಿಗೆ ಗುಂಡು ಹೊಡೆಯುವುದೂ ಇವನೇ. ಗಂಟೆಗಟ್ಟಲೆ ಒಟ್ಟಿಗೆ ತಿರುಗಾಡಿದ ಮೇಲೆ ಬಂದ ಗುಂಡು ಅದು. ಮೊದಲ ಭೇಟಿಯಲ್ಲೇ ಹೊಡೆದಿದ್ದರೆ ಇನ್ನೊಬ್ಬ ಕೆಟ್ಟವನು ಅಂತ ಮುಂದೆ ಹೋಗುತ್ತಿದ್ದೆವು, ಅಷ್ಟೇ.

ಅವನ ಕೊನೆಯ ಜಾಗ ಸಮುದ್ರದ ತಳದಲ್ಲಿರುವ ಅಮೌರೋಟ್ ನಗರ. ಎಷ್ಟೋ ಸಾವಿರ ವರ್ಷದ ಹಿಂದೆ ನಾಶವಾದ ತನ್ನ ಊರನ್ನು ಅವನು ನೆನಪಿನಿಂದಲೇ ಮತ್ತೆ ಕಟ್ಟಿಕೊಂಡಿದ್ದಾನೆ. ಬೀದಿಯಲ್ಲಿ ಓಡಾಡುವವರೆಲ್ಲ ನೆರಳುಗಳು. ಎತ್ತರದ ಜನ, ಮೈತುಂಬ ಉದ್ದ ನಿಲುವಂಗಿ. ನಮ್ಮನ್ನು ನೋಡಿ ಯಾವುದೋ ಮಗು ಅಂದುಕೊಂಡು ಅಕ್ಕರೆಯಿಂದ ಮಾತಾಡಿಸುತ್ತಾರೆ. ಮುಂದೆ ಹೋಗಬೇಕಾದರೆ ಅಲ್ಲಿನ ಕಚೇರಿಯಲ್ಲಿ ಹೆಸರು ಬರೆಸಿ ಕಾಗದ ಮಾಡಿಸಿಕೊಳ್ಳಬೇಕು. ಲೋಕ ಮುಳುಗುವ ಹೊತ್ತಲ್ಲಿ ಕಚೇರಿ ಕೆಲಸ! ಆದರೆ ಅಲ್ಲಿ ಸುತ್ತಾಡುತ್ತಾ ಇವನು ಕಳೆದುಕೊಂಡದ್ದು ಏನು ಅಂತ ಯಾರೂ ಭಾಷಣ ಮಾಡದೆ ಗೊತ್ತಾಗಿಬಿಡುತ್ತದೆ. ತನ್ನವರನ್ನು ವಾಪಸ್ ತರಲು ನಮ್ಮ ಲೋಕಗಳನ್ನು ಅಳಿಸಬೇಕು ಅನ್ನೋದು ಅವನ ಲೆಕ್ಕ. ಅವನ ಕಣ್ಣಿಗೆ ನಾವು ಪೂರ್ತಿ ಜೀವಿಗಳೇ ಅಲ್ಲ, ಚೂರುಗಳು. ಅವನು ಮಾಡಿದ್ದು ಸರಿ ಅಂತ ನಾನು ಹೇಳಲ್ಲ. ಅವನ ಜಾಗದಲ್ಲಿದ್ದರೆ ನಾನೇನು ಮಾಡುತ್ತಿದ್ದೆ ಅನ್ನೋ ಪ್ರಶ್ನೆಗೆ ಇವತ್ತಿಗೂ ಸಲೀಸಾಗಿ ಉತ್ತರ ಬರಲ್ಲ. ಇನ್ನೊಂದು ಮಾತು: ಕಣ್ಣೀರಿನ ಹಿಂದಿನ ಕತೆ ಅಂಟಿಸಿದರೆ ವಿಲನ್ ತಾನಾಗಿ ದೊಡ್ಡವನಾಗಲ್ಲ. ಎಮೆಟ್‌ನ ದುಃಖ ನಮ್ಮ ಬದುಕಿಗೇ ಅಡ್ಡ ನಿಲ್ಲುತ್ತದೆ, ಅದಕ್ಕೇ ಅದು ತಟ್ಟುತ್ತದೆ.

ಆರ್ಥಸ್ ಬಗ್ಗೆ ಬರೆಯದಿದ್ದರೆ ಜನ ಬಿಡಲ್ಲ. 2002ರ ವಾರ್‌ಕ್ರಾಫ್ಟ್ 3ರಲ್ಲಿ ಆ ರಾಜಕುಮಾರನನ್ನು ನಡೆಸಿದ್ದು ನಾವೇ. ಸ್ಟ್ರಾಥೋಲ್ಮ್ ಊರಿನವರಿಗೆ ಪಿಡುಗು ತಗುಲಿದೆ ಅಂತ ಊರನ್ನೇ ಕೊಂದಾಗ ಮೌಸ್ ಇದ್ದದ್ದು ನಮ್ಮ ಕೈಯಲ್ಲಿ. ಅವನೇ ಸತ್ತವರ ಸೇನೆಯ ಒಡೆಯ ಲಿಚ್ ಕಿಂಗ್ ಆಗಿ 2008ರ ನವೆಂಬರಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ ಬಂದ. ಆಗ ಡೆತ್ ನೈಟ್ ಪಾತ್ರ ಹೊಸದಾಗಿ ಸೇರಿತು. ಅದನ್ನು ಆಯ್ದುಕೊಂಡರೆ ಆಟ ಶುರುವಾಗುವುದೇ ಅವನ ಆಳಾಗಿ. ಒಂದು ಕ್ವೆಸ್ಟ್‌ನಲ್ಲಿ ಸೆರೆಯಾಳೊಬ್ಬನನ್ನು ಕೊಂದು ಬಾ ಅನ್ನುತ್ತಾರೆ. ಹೋದರೆ ಆ ಸೆರೆಯಾಳು ನಿಮ್ಮದೇ ಕುಲದವನು. ನಿಮ್ಮ ಗುರುತು ಹಿಡಿದು, ನೀನು ಮೊದಲು ಹೀಗಿರಲಿಲ್ಲ ಅಂತ ಹಳೆಯದನ್ನು ನೆನಪಿಸುತ್ತಾನೆ. ಆದರೂ ಕೊಲ್ಲದೆ ಕತೆ ಮುಂದೆ ಹೋಗಲ್ಲ. ನನ್ನ ಮಟ್ಟಿಗೆ ಆರ್ಥಸ್‌ನ ಅತ್ಯಂತ ಕ್ರೂರ ಗಳಿಗೆ ಅದು, ಅವನು ಅಲ್ಲಿ ಇಲ್ಲದೇ ಇದ್ದರೂ.

ಆಮೇಲೆ ಹಾಲ್ಸ್ ಆಫ್ ರಿಫ್ಲೆಕ್ಷನ್ ಅಂತ ಒಂದು ಡಂಜನ್ (ಸಣ್ಣ ಗುಂಪು ಹೋಗಿ ಹೊಡೆದಾಡುವ ಜಾಗ) ಬಂತು. ಅಲ್ಲಿ ಕೊನೆಗೆ ಅವನ ಜೊತೆ ಫೈಟೇ ಇಲ್ಲ. ಅವನು ನಿಧಾನವಾಗಿ ನಡೆದು ಬರುತ್ತಾನೆ, ನಾವು ಓಡಬೇಕು. ಹಿಡಿದರೆ ಕತೆ ಮುಗಿಯಿತು. ಐಸ್‌ಕ್ರೌನ್ ರೇಡ್‌ನ ಕೊನೆಯಲ್ಲಿ ಅವನ ಪ್ರಾಣ ಹತ್ತು ಪರ್ಸೆಂಟಿಗೆ ಇಳಿದಾಗ ಒಂದೇ ಏಟಿಗೆ ಎಲ್ಲರನ್ನೂ ಕೊಂದು ಹಾಕುತ್ತಾನೆ. ಅಲ್ಲಿವರೆಗೆ ನಮ್ಮನ್ನು ಬೆಳೆಯಲು ಬಿಟ್ಟದ್ದೇ ತನ್ನ ಸೇನೆಗೆ ಒಳ್ಳೇ ಆಳುಗಳು ಬೇಕು ಅಂತ. ಇದು ಅವನ ಮೇಲಿದ್ದ ದೊಡ್ಡ ದೂರಿಗೂ ಒಂಥರಾ ಉತ್ತರ. ದಾರಿಯುದ್ದಕ್ಕೂ ಮತ್ತೆ ಮತ್ತೆ ಬಂದು, ಹೆದರಿಸಿ, ಕೊಲ್ಲದೆ ವಾಪಸ್ ಹೋಗುತ್ತಾನಲ್ಲ, ಇವನೆಂಥ ವಿಲನ್ ಅಂತ ಆಗ ತುಂಬ ಜನ ನಗುತ್ತಿದ್ದರು. ಆ ನಗುವಿನಲ್ಲಿ ನ್ಯಾಯ ಇತ್ತು. ಉತ್ತರ ಬಂದದ್ದು ತೀರಾ ತಡವಾಗಿ.

ಇದಕ್ಕೆ ತದ್ವಿರುದ್ಧ ಅದೇ ಗೇಮ್‌ಗೆ ಬಂದ 2020ರ ಶ್ಯಾಡೋಲ್ಯಾಂಡ್ಸ್‌ನ ಜೈಲರ್. ಮೊದಲು ಹೆಸರೇ ಕೇಳಿರದವನು ಬಂದು ಲಿಚ್ ಕಿಂಗ್‌ನ ಕತ್ತಿ, ಕಿರೀಟದ ಹಿಂದೆ ಇದ್ದದ್ದು ನಾನೇ ಅಂದ. ಆಟಗಾರರು ಸೊಪ್ಪು ಹಾಕಲಿಲ್ಲ. ನಾವು ಕಂಡ ದ್ವೇಷವನ್ನು ಕಾಣದವನ ಖಾತೆಗೆ ಹಾಕಿದರೆ ಹೊಸಬ ದೊಡ್ಡವನಾಗಲ್ಲ, ಹಳಬ ಚಿಕ್ಕವನಾಗುತ್ತಾನೆ.

ಕತೆಯೇ ಇಲ್ಲದೆ ನೆನಪಲ್ಲಿ ಉಳಿದವರೂ ಇದ್ದಾರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಎಲ್ವಿನ್ ಕಾಡಿನ ಹಾಗರ್ ಅಂತ ಒಬ್ಬ ನೋಲ್ (ಕತ್ತೆಕಿರುಬದಂಥ ಜೀವಿ), ಲೆವೆಲ್ 11. ಒಬ್ಬನೇ ಹೊಡೀತೀನಿ ಅಂತ ಹೋದ ಹೊಸಬರೆಲ್ಲ ಸತ್ತು ಬಂದರು. ಆಮೇಲೆ ಜನ ತಮಾಷೆಗೆ ಲೆವೆಲ್ ಒಂದರ ಪಾತ್ರಗಳ ದಂಡು ಕಟ್ಟಿಕೊಂಡು ಅವನ ಮೇಲೆ ರೇಡ್ ಹೋಗಲು ಶುರುಮಾಡಿದರು. ಕೊನೆಗೆ ಕಂಪನಿಯೇ ಅವನನ್ನು ಸ್ಟಾರ್ಮ್‌ವಿಂಡ್ ಸೆರೆಮನೆಯ ಡಂಜನ್‌ನಲ್ಲಿ ಬಾಸ್ ಮಾಡಿತು. ಬಡ್ತಿ ಅಂದರೆ ಇದು! ಹೆಲ್‌ಫೈರ್ ಪೆನಿನ್ಸುಲಾದ ಫೆಲ್ ರೀವರ್ ಅಂತೂ ಒಂದು ಮಾತೂ ಆಡಲ್ಲ. ಗೋಪುರದಷ್ಟು ಎತ್ತರದ ಯಂತ್ರ, ನಡೆದರೆ ನೆಲ ನಡುಗುತ್ತೆ, ಆದರೂ ನೀವು ಇನ್ನೇನೋ ಹೊಡೆಯುತ್ತಿರುವಾಗ ಹಿಂದಿನಿಂದ ಬಂದು ತುಳಿದುಹೋಗಿರುತ್ತೆ.

ಎವರ್‌ಕ್ವೆಸ್ಟ್‌ನ ಕೆರಾಫಿರ್ಮ್ ಇನ್ನೂ ವಿಚಿತ್ರ. ಮಲಗಿರುವ ಡ್ರ್ಯಾಗನ್. ಕಾಯುವ ನಾಲ್ವರನ್ನು ಕೊಂದರೆ ಏಳುತ್ತಾನೆ, ಸಿಕ್ಕಸಿಕ್ಕವರನ್ನು ಸಾಯಿಸುತ್ತಾ ಹೊರಟುಹೋಗುತ್ತಾನೆ. ಒಂದು ಸರ್ವರ್‌ನಲ್ಲಿ (ಬೇರೆ ಬೇರೆ ಆಟಗಾರರಿಗೆ ಬೇರೆಯಾಗಿ ನಡೆಯುವ ಅದೇ ಗೇಮ್‌ನ ಪ್ರತಿ) ಒಂದೇ ಸಲ, ಮತ್ತೆ ಬರಲ್ಲ. ಅವನನ್ನು ಕೊಲ್ಲೋಕೆ ಆಗಬಾರದು ಅಂತಲೇ ಮಾಡಿದ್ದು. ಆದರೂ 2003ರ ನವೆಂಬರಿನಲ್ಲಿ ರಾಲೋಸ್ ಝೆಕ್ ಸರ್ವರ್‌ನ ಗಿಲ್ಡ್‌ಗಳು ಒಟ್ಟಾಗಿ ಮೇಲೆ ಬಿದ್ದವು. ಕೊಲ್ಲುವ ಹಂತಕ್ಕೆ ಬರುತ್ತಿದ್ದಂತೆ ಗೇಮ್ ನಡೆಸುವವರು ಡ್ರ್ಯಾಗನ್ನನ್ನೇ ಮಾಯ ಮಾಡಿದರು. ಆಟಗಾರರು ರೊಚ್ಚಿಗೆದ್ದರು. ಇನ್ನೊಂದು ಅವಕಾಶ ಕೊಡಬೇಕಾಯಿತು, ಸುಮಾರು ಮೂರು ಗಂಟೆ ಹೊಡೆದು ಕೊಂದೇಬಿಟ್ಟರು. ಅಷ್ಟು ಕಷ್ಟಪಟ್ಟರೂ ಕೈಗೆ ಏನೂ ಸಿಗಲಿಲ್ಲ. ಆದರೂ ಅಲ್ಲಿದ್ದವರು ಆ ದಿನವನ್ನು ಮರೆಯುತ್ತಾರಾ?

ಈವ್ ಆನ್‌ಲೈನ್‌ನಂಥ ಗೇಮ್‌ನಲ್ಲಿ ವಿಲನ್ ಕೆಲಸವನ್ನು ಆಟಗಾರರೇ ಮಾಡುತ್ತಾರೆ. 2005ರಲ್ಲಿ ಒಂದು ಬಾಡಿಗೆ ಗುಂಪು ತಿಂಗಳುಗಟ್ಟಲೆ ಇನ್ನೊಂದು ಆಟಗಾರರ ಕಾರ್ಪೊರೇಶನ್‌ನೊಳಗೆ ಸೇರಿಕೊಂಡು, ನಂಬಿಕೆ ಗಳಿಸಿ, ಒಂದು ದಿನ ಸನ್ನೆ ಸಿಕ್ಕ ತಕ್ಷಣ ಗೋದಾಮುಗಳನ್ನೆಲ್ಲ ಬರಿದು ಮಾಡಿ ಮುಖ್ಯಸ್ಥೆಯ ಹಡಗನ್ನು ಉಡಾಯಿಸಿತು. ಗೇಮ್‌ನ ನಿಯಮದಲ್ಲಿ ಅದು ತಪ್ಪಲ್ಲ. ಕಟ್ರಾನಾ ಪ್ರೆಸ್ಟರ್ ಮಾಡಿದ್ದೂ ಇದನ್ನೇ. ಇಲ್ಲಿ ಬರೆದುಕೊಟ್ಟ ಡೈಲಾಗ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ನಿಮ್ಮ ಆಟಕ್ಕೆ ಬರೋಣ. ನಾನಿರುವ ಒಂದು ಟೆಕ್ಸ್ಟ್ ಗುಂಪಿನಲ್ಲಿ ಕತೆ ನಡೆಸುವ ಗೆಳತಿ ಒಬ್ಬ ಮಹಾ ಮಾಂತ್ರಿಕನನ್ನು ತಂದಿದ್ದಳು. ಅವನ ಹೆಸರು ಈಗ ಯಾರಿಗೂ ನೆನಪಿಲ್ಲ. ಎಲ್ಲರಿಗೂ ನೆನಪಿರೋದು ಕೋಟೆ ಬಾಗಿಲಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುತ್ತಿದ್ದ ಗುಮಾಸ್ತ. ಬಹಳ ಮರ್ಯಾದಸ್ಥ. ನಮ್ಮಲ್ಲೊಬ್ಬನ ಕುದುರೆ ಕುಂಟುತ್ತಿತ್ತು. ಪ್ರತಿ ಸಲವೂ “ಕುದುರೆ ಕಾಲು ಈಗ ಹೇಗಿದೆ ಸ್ವಾಮಿ?” ಅಂತ ವಿಚಾರಿಸುತ್ತಿದ್ದ. ಇನ್ನೊಬ್ಬ ಆಟಗಾರ ತಮಾಷೆಗೆ ಅವನ ಹತ್ತಿರ ಮಾತ್ರ ಒಂದು ಸುಳ್ಳು ಹೆಸರು ಬರೆಸಿದ್ದ. ಒಂದು ರಾತ್ರಿ ನಾವು ಅಡಗಿದ್ದ ಮನೆಗೆ ಸೈನಿಕರು ನುಗ್ಗಿ ಒಬ್ಬೊಬ್ಬರದೇ ಹೆಸರು ಕೂಗಿದರು. ಪಟ್ಟಿಯಲ್ಲಿ ಆ ಸುಳ್ಳು ಹೆಸರೂ ಇತ್ತು. ಚಾಟ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಟೈಪ್ ಮಾಡಲಿಲ್ಲ. ಮುಂದೆ ಆ ಗುಮಾಸ್ತನನ್ನು ಹಿಡಿದಾಗ ಅವನು ಮೊದಲು ಕೇಳಿದ್ದೂ ಕುದುರೆ ಕಾಲಿನ ಬಗ್ಗೆಯೇ.

ಆದ್ದರಿಂದ ನಿಮ್ಮ ವಿಲನ್‌ಗೆ ಶಕ್ತಿ ಜಾಸ್ತಿ ಮಾಡುವ ಬದಲು ಅವನನ್ನು ಬೇಗ ಕರೆತನ್ನಿ. ಮೊದಲ ಕೆಲವು ಭೇಟಿಗಳಲ್ಲಿ ಹೊಡೆದಾಟ ಬೇಡ. ಆಟಗಾರರ ಪಾತ್ರಗಳ ಹೆಸರು, ಅಭ್ಯಾಸ, ಸಣ್ಣಪುಟ್ಟ ಆಸೆ ಅವನಿಗೆ ಗೊತ್ತಿರಲಿ. ಒಂದಾದರೂ ವಿಷಯದಲ್ಲಿ ಅವನ ಮಾತು ನಿಜ ಇರಲಿ. ಅವನು ಕಿತ್ತುಕೊಂಡದ್ದು ಆಟಗಾರರೇ ಕಟ್ಟಿದ ಯಾವುದಾದರೂ ಆಗಿರಲಿ: ಅವರ ಅಂಗಡಿ, ಅವರ ಸಾಕುಪ್ರಾಣಿ, ಅವರಿಗೆ ಇಷ್ಟವಾದ ಒಂದು ಪಾತ್ರ. ನೀವು ನಿನ್ನೆ ಬರೆದು ಇವತ್ತು ಸುಟ್ಟ ಊರಿಗೆ ಯಾರೂ ಅಳಲ್ಲ. ಏನೇ ಮಾಡಿದರೂ ಅವನು ತಪ್ಪಿಸಿಕೊಳ್ಳುವ ಹಾಗೆ ಮಾತ್ರ ಬರೆಯಬೇಡಿ. ಆಟಗಾರರ ಒಳ್ಳೆಯ ಉಪಾಯಕ್ಕೆ ಅವನು ಸೋಲಬೇಕು, ಇಲ್ಲದಿದ್ದರೆ ಜನರ ಸಿಟ್ಟು ಅವನನ್ನು ಬಿಟ್ಟು ನಿಮ್ಮ ಮೇಲೆ ತಿರುಗುತ್ತದೆ.

ಮತ್ತೆ, ಪಾತ್ರದ ಕೆಟ್ಟತನ ಪಾತ್ರದೊಳಗೇ ಇರಲಿ. ವಿಲನ್ ಹೆಸರಲ್ಲಿ ನಿಜವಾದ ಗೆಳೆಯರನ್ನು ಚುಚ್ಚೋದು, ಒಬ್ಬರ ಪಾತ್ರವನ್ನು ಅವರನ್ನು ಕೇಳದೆ ಕೊಲ್ಲೋದು ಬೇಡ. ಆಟದ ಹೊರಗೆ ಒಬ್ಬೊಬ್ಬರನ್ನೇ ಕೇಳಿಟ್ಟುಕೊಳ್ಳಿ: ನಿನ್ನ ಪಾತ್ರದಿಂದ ಏನು ಕಿತ್ತುಕೊಂಡರೆ ಕತೆ ಮಜಾ ಬರುತ್ತೆ, ಏನು ಮುಟ್ಟಲೇಬಾರದು? ಆ ಕುದುರೆಯ ಮಾಲೀಕ ಕುದುರೆಗೆ ಮಾತ್ರ ಏನೂ ಆಗಬಾರದು ಅಂತ ಮೊದಲೇ ಹೇಳಿದ್ದ. ಗೆಳತಿ ಅದಕ್ಕೆ ಏನೂ ಮಾಡಲಿಲ್ಲ, ಸುಮ್ನೆ ವಿಚಾರಿಸಿಕೊಂಡಳು.